ಬೆಂಗಳೂರಿನ ಬಾಲ್ಕನಿಯಲ್ಲಿ ಕ್ಯಾಟ್ಲಿಯಾ: ಸುಳಿಯಿಂದ ಹೂವಿನವರೆಗೆ

ಕ್ಯಾಟ್ಲಿಯಾ ಎಂಬ ಆರ್ಕಿಡ್ ಗಿಡವನ್ನು ತಂದು ಎರಡು ಮೂರು ವರ್ಷ ಸಾಕಿದವರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: ಗಿಡ ಹಸಿರಾಗಿದೆ, ವರ್ಷಕ್ಕೊಂದು ಎಲೆಯೂ ಬರುತ್ತಿದೆ, ಹೂ ಮಾತ್ರ ಇಲ್ಲ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗಲೋ ನರ್ಸರಿಯಲ್ಲೋ ಅಂಗೈ ಅಗಲದ ಹೂ ಕಂಡು ಮನಸೋತು ಕೊಂಡವರು, ಆ ಹೂ ಬಾಡಿದ ಮೇಲೆ ಮತ್ತೊಂದನ್ನು ಕಾಣದೆ, ಈ ಊರಿನ ಹವೆಯೇ ಇದಕ್ಕೆ ಹಿಡಿಸುವುದಿಲ್ಲವೆಂದು ಕೈಬಿಡುತ್ತಾರೆ. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ಬೇಸಿಗೆಯಲ್ಲೂ ರಾತ್ರಿಯ ಹೊತ್ತಿಗೆ ತಂಪಾಗುವ, ಜನವರಿಯಲ್ಲಿ ರಾತ್ರಿಯ ಉಷ್ಣಾಂಶ 15-16 ಡಿಗ್ರಿಗೆ ಇಳಿಯುವ ಬೆಂಗಳೂರು ಈ ಗಿಡಕ್ಕೆ ಬಲು ಒಪ್ಪುವ ಊರು. ಹಗಲು 21ರಿಂದ 29 ಡಿಗ್ರಿ, ರಾತ್ರಿ 13ರಿಂದ 18 ಡಿಗ್ರಿ ಎಂಬುದು ಕ್ಯಾಟ್ಲಿಯಾ ಬಯಸುವ ಅಳತೆ. ವರ್ಷದ ಹಲವು ತಿಂಗಳು ಇದಕ್ಕೆ ಹತ್ತಿರದ ಹವೆ ನಮಗೆ ಖರ್ಚಿಲ್ಲದೆ ಸಿಗುತ್ತದೆ.

ಹಾಗಿದ್ದೂ ಹೂ ಬರದಿರುವುದಕ್ಕೆ ಕಾರಣವನ್ನು ನಾವು ಗಿಡದ ಒಟ್ಟು ನೋಟದಲ್ಲಿ ಹುಡುಕುತ್ತೇವೆ. ಹುಡುಕಬೇಕಾದ ಜಾಗ ಬೇರೆ. ಕ್ಯಾಟ್ಲಿಯಾ ಸಾಮಾನ್ಯವಾಗಿ ಹೂ ಬಿಡುವುದು ಹೊಸದಾಗಿ ಬೆಳೆದು ಬಲಿತ ಕಾಂಡದ ತುದಿಯಲ್ಲಿ ಮಾತ್ರ. ಒಮ್ಮೆ ಹೂ ಕೊಟ್ಟ ಕಾಂಡ ಮತ್ತೆ ಹೂ ಕೊಡುವುದಿಲ್ಲ. ಹೀಗಾಗಿ ಮುಂದಿನ ಹೂವು ಈಗ ಗಿಡದ ಮುಂಭಾಗದಲ್ಲಿ ಮೊಳೆಯುತ್ತಿರುವ ಒಂದು ಸುಳಿಯಲ್ಲಿದೆ. ನೀರು, ಗೊಬ್ಬರ, ಬಿಸಿಲು, ಕುಂಡ ಬದಲಾವಣೆ ಎಲ್ಲವನ್ನೂ ಆ ಸುಳಿ ಯಾವ ಹಂತದಲ್ಲಿದೆ ಎಂದು ನೋಡಿಕೊಂಡು ಮಾಡಬೇಕು. ನಾನು ಇದನ್ನು ಕಲಿತದ್ದು ಹಲವು ಗಿಡಗಳನ್ನು ಕಳೆದುಕೊಂಡ ಮೇಲೆ.

ಗಿಡದ ಕಟ್ಟು

ಕುಂಡದ ಅಂಚಿಗೆ ಕಣ್ಣು ತಂದು ನೋಡಿದರೆ ಬೆರಳು ದಪ್ಪದ ಒಂದು ಬೇರುಕಾಂಡ ಅಡ್ಡಡ್ಡವಾಗಿ ಹರಿದಿರುವುದೂ ಅದರಿಂದ ಒಂದರ ಮುಂದೊಂದರಂತೆ ಉಬ್ಬಿದ ಕಾಂಡಗಳು ನಿಂತಿರುವುದೂ ಕಾಣುತ್ತದೆ. ಈ ಉಬ್ಬಿದ ಕಾಂಡವನ್ನು ಬೆಳೆಗಾರರು ಬಲ್ಬ್ ಎಂದೇ ಕರೆಯುತ್ತಾರೆ. ಅದು ಗಿಡದ ನೀರಿನ ಮತ್ತು ಆಹಾರದ ಉಗ್ರಾಣ. ಪ್ರತಿ ಬಲ್ಬಿನ ಬುಡದಲ್ಲಿ ಕಬ್ಬಿನ ಗೆಣ್ಣಿನಲ್ಲಿರುವಂಥ ಕಣ್ಣುಗಳಿರುತ್ತವೆ; ಅವುಗಳಲ್ಲೊಂದು ಊದಿಕೊಂಡು ಮುಂದಿನ ಸುಳಿಯಾಗುತ್ತದೆ. ಹಿಂದಿನ ಹಳೆಯ ಬಲ್ಬುಗಳು ಎಲೆ ಉದುರಿಸಿ ಸುಕ್ಕುಗಟ್ಟಿದ್ದರೂ ಅವುಗಳನ್ನು ಕತ್ತರಿಸಬಾರದು. ಹೊಸ ಸುಳಿ ಬೆಳೆಯುವುದು ಅವು ಕೂಡಿಟ್ಟ ಬಲದಿಂದ.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಕ್ಯಾಟ್ಲಿಯಾ ಮರದ ಕೊಂಬೆಗಳ ಮೇಲೆ, ಕೆಲವೆಡೆ ಬಂಡೆಗಳ ಮೇಲೆ ಬೆಳೆಯುತ್ತದೆ. ಇದು ಬಂದಳಿಕೆಯಲ್ಲ, ಮರದ ರಸವನ್ನು ಹೀರುವುದಿಲ್ಲ. ಮಲೆನಾಡಿನ ಸೀತಾಳೆ ದಂಡೆಯಂತೆ ಮರವನ್ನು ಬರೀ ಆಸರೆಗೆ ಹಿಡಿದಿರುತ್ತದೆ. ಬೇರಿನ ಸುತ್ತ ಸ್ಪಂಜಿನಂಥ ಬಿಳಿಯ ಪದರವಿದ್ದು, ಮಳೆ ಬಿದ್ದಾಗ ನೀರನ್ನು ಕ್ಷಣದಲ್ಲಿ ಹೀರಿ ಹಸಿರಾಗುತ್ತದೆ, ಗಾಳಿಗೆ ಒಣಗಿ ಮತ್ತೆ ಬೆಳ್ಳಗಾಗುತ್ತದೆ. ನೆನೆದು ಬೇಗ ಆರುವುದು ಈ ಬೇರಿನ ಸ್ವಭಾವ. ಸದಾ ಒದ್ದೆಯಾಗಿರುವ ಬೇರು ಉಸಿರುಗಟ್ಟಿ ಕೊಳೆಯುತ್ತದೆ.

ಯಾವ ಗಿಡ ಕೊಳ್ಳಬೇಕು

ಬೀಜದಿಂದ ಬೆಳೆದ ಕ್ಯಾಟ್ಲಿಯಾ ಮೊದಲ ಹೂ ಕೊಡಲು ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷ ಬೇಕು. ಆದ್ದರಿಂದ ಅಗ್ಗಕ್ಕೆ ಸಿಗುವ ಬೆರಳುದ್ದದ ಸಸಿಗಳಿಗಿಂತ, ಕನಿಷ್ಠ ನಾಲ್ಕು ಬಲ್ಬುಗಳಿರುವ, ಹಳೆಯ ಹೂವಿನ ಒಣಗಿದ ತೊಟ್ಟಿನ ಗುರುತು ಒಂದಾದರೂ ಇರುವ ಗಿಡವನ್ನು ಮೊದಲ ಬಾರಿಗೆ ಕೊಳ್ಳುವುದು ಒಳ್ಳೆಯದು. ಕುಂಡವನ್ನು ಎತ್ತಿ ಮೆಲ್ಲಗೆ ಅಲುಗಿಸಿ ನೋಡಿರಿ. ಗಿಡ ಅತ್ತಿತ್ತ ಓಲಾಡಿದರೆ ಬೇರಿಲ್ಲವೆಂದೇ ಅರ್ಥ.

ಗಿಡದ ಹೆಸರು ಬರೆದ ಪಟ್ಟಿಯನ್ನು (ಲೇಬಲ್) ಕೇಳಿ ಪಡೆಯಲೇಬೇಕು, ಏಕೆಂದರೆ ಹೂ ಬಿಡುವ ಕಾಲ ತಳಿಯ ರಕ್ತದಲ್ಲಿರುತ್ತದೆ. ಬ್ರೆಜಿಲ್‌ನ ಲೇಬಿಯಾಟಾ ಹಗಲು ಕುಗ್ಗುವ ಶರತ್ಕಾಲದಲ್ಲಿ, ಕೊಲಂಬಿಯಾದ ರಾಷ್ಟ್ರೀಯ ಪುಷ್ಪವಾದ ಟ್ರಯಾನೆ ಚಳಿಗಾಲದಲ್ಲಿ, ವೆನೆಜುವೆಲಾದ ರಾಷ್ಟ್ರೀಯ ಪುಷ್ಪವಾದ ಮೊಸಿಯೆ ವಸಂತದಲ್ಲಿ ಅರಳುತ್ತವೆ. ಇಂಗ್ಲೆಂಡಿನ ಹೂಗಿಡಪ್ರೇಮಿ ವಿಲಿಯಂ ಕ್ಯಾಟ್ಲಿಯ ಹೆಸರನ್ನು ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ ಈ ಕುಲಕ್ಕೆ ಇಟ್ಟದ್ದು ಈ ಲೇಬಿಯಾಟಾ ಗಿಡವನ್ನು ವಿವರಿಸುವಾಗಲೇ. ಪಟ್ಟಿಯ ಮೇಲೆ ಆರ್‌ಎಲ್‌ಸಿ ಎಂದಿದ್ದರೆ ಅದು ರಿಂಕೋಲೀಲಿಯಾ ಎಂಬ ಬಂಧುವಿನೊಡನೆ ಮಾಡಿದ ಮಿಶ್ರತಳಿ. ಹೂವಿನ ತುಟಿ ಅಗಲವಾಗಿ, ಸೀರೆಯ ಸೆರಗಿನ ಕುಚ್ಚಿನಂತೆ ಅಂಚು ಬಿಡಿಸಿಕೊಂಡಿದ್ದರೆ ಅದು ಹೆಚ್ಚಾಗಿ ಆ ಬಂಧುವಿನ ಕೊಡುಗೆ. ಸಣ್ಣ ಬಾಲ್ಕನಿಯವರಿಗೆ ಗೇಣುದ್ದಕ್ಕೆ ನಿಲ್ಲುವ ಮಿನಿ ಕ್ಯಾಟ್ಲಿಯಾ ತಳಿಗಳೇ ಸರಿ. ಅವುಗಳಲ್ಲಿ ಎಷ್ಟೋ ತಳಿಗಳು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೂ ಬಿಡುತ್ತವೆ.

ಬೆಳಕು

ಹೂ ಬಾರದಿರುವುದಕ್ಕೆ ಮೊದಲ ಕಾರಣ ಬೆಳಕಿನ ಕೊರತೆ. ಆರ್ಕಿಡ್ ಎಂದರೆ ನೆರಳಿನ ಗಿಡವೆಂಬ ನಂಬಿಕೆಯಿಂದ ಅದನ್ನು ಹಜಾರದ ಮೂಲೆಯಲ್ಲಿ ಇಡುವವರು ಬಹಳ. ಕ್ಯಾಟ್ಲಿಯಾಕ್ಕೆ ಬೇಕಾದದ್ದು ಸುಮಾರು 20,000ದಿಂದ 30,000 ಲಕ್ಸ್ ಬೆಳಕು, ಅಂದರೆ ಬೆಳಗಿನ ಎಳೆಬಿಸಿಲು ನೇರವಾಗಿಯೂ ಹತ್ತೂವರೆಯ ನಂತರದ ಬಿಸಿಲು ಅರ್ಧ ಬಿಸಿಲು ತಡೆಯುವ ಶೇಕಡಾ 50ರ ಶೇಡ್‌ನೆಟ್‌ನ ಅಡಿಯಲ್ಲಿಯೂ ಸಿಗುವಂಥ ಜಾಗ. ಎಲೆಯ ಬಣ್ಣವೇ ಇದಕ್ಕೆ ಮಾಪಕ. ಎಲೆ ಕಡುಹಸಿರಾಗಿ, ಉದ್ದವಾಗಿ, ಜೋತು ಬಿದ್ದಿದ್ದರೆ ಬೆಳಕು ಸಾಲದು. ಸ್ವಲ್ಪ ಹಳದಿ ಬೆರೆತ ಎಳೆಹಸಿರಾಗಿ, ಸೆಟೆದು ನಿಂತಿದ್ದರೆ ಸರಿಯಾಗಿದೆ. ಬಿಸಿಲಿಗೆ ಸುಟ್ಟ ಎಲೆಯಲ್ಲಿ ಮೊದಲು ಬಿಳಿಚಿದ ಮಚ್ಚೆ ಮೂಡಿ ಆಮೇಲೆ ಅದು ಕಂದಾಗಿ ಒಣಗುತ್ತದೆ. ಮಧ್ಯಾಹ್ನ ಎಲೆಯನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಿರಿ. ಸುತ್ತಲಿನ ಗಾಳಿಗಿಂತ ಎಲೆ ಬಿಸಿಯಾಗಿ ತೋರಿದರೆ ನೆರಳು ಹೆಚ್ಚಬೇಕು, ಇಲ್ಲವೇ ಗಾಳಿಯಾಡುವಂತೆ ಮಾಡಬೇಕು.

ಪೂರ್ವದ ಬಾಲ್ಕನಿ ಇದ್ದವರು ಹೆಚ್ಚು ಯೋಚಿಸಬೇಕಿಲ್ಲ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಉಳಿದ ಕಾಲ ದಕ್ಷಿಣಕ್ಕೆ. ಅದರಿಂದ ದಕ್ಷಿಣದ ಬಾಲ್ಕನಿಯಲ್ಲಿ ಮಳೆಗಾಲದ ಹೊತ್ತಿಗೆ ಬೆಳಕು ಕಡಿಮೆಯಾಗಿ, ಸುಳಿ ಬೆಳೆಯುವ ಸಮಯದಲ್ಲೇ ಗಿಡ ಹಸಿಯುತ್ತದೆ. ಆಗ ಕುಂಡಗಳನ್ನು ಕಂಬಿಗೆ ಆದಷ್ಟು ಹತ್ತಿರ ತರಬೇಕು. ಪಶ್ಚಿಮದ ಬಿಸಿಲು ಮಾರ್ಚ್‌ನಿಂದ ಮೇವರೆಗೆ ನೆಟ್ ಇಲ್ಲದೆ ಆಗದು. ತಾರಸಿಯಲ್ಲಿ ಇಡುವುದಾದರೆ ಕಾದ ಕಾಂಕ್ರೀಟಿನ ಮೇಲೆ ನೇರವಾಗಿ ಇಡದೆ ಸ್ಟ್ಯಾಂಡಿನ ಮೇಲೆ ಇಡಿ ಅಥವಾ ತೂಗುಹಾಕಿ.

ಕುಂಡ ಮತ್ತು ನೆಡುವ ಕಾಲ

ಮಣ್ಣು ಬೇಡವೇ ಬೇಡ. ಕೋಕೋಪೀಟ್ ಎಂಬ ತೆಂಗಿನ ನಾರಿನ ಪುಡಿಯೂ ಬೇಡ. ನನ್ನ ಮೊದಲ ಕ್ಯಾಟ್ಲಿಯಾ ಒಂದು ನರ್ಸರಿಯಿಂದ ಕೋಕೋಪೀಟ್ ತುಂಬಿದ ಪ್ಲಾಸ್ಟಿಕ್ ಕುಂಡದಲ್ಲಿ ಬಂದಿತ್ತು. ದಿನವೂ ನೀರು ಹಾಕಿ ಎಂದು ಅಲ್ಲಿ ಹೇಳಿದ್ದನ್ನು ಅಕ್ಷರಶಃ ಪಾಲಿಸಿದೆ. ನಾಲ್ಕು ತಿಂಗಳ ನಂತರ ಬಲ್ಬುಗಳು ಸುಕ್ಕಾದಾಗ ನೀರು ಸಾಲದಾಯಿತೆಂದು ಇನ್ನಷ್ಟು ಹಾಕಿದೆ. ಕೊನೆಗೆ ಬಿಚ್ಚಿ ನೋಡಿದರೆ ಬೇರುಗಳೆಲ್ಲ ಕೊಳೆತು, ಹಿಡಿದರೆ ಸಿಪ್ಪೆ ಕಳಚಿ ಒಳಗಿನ ದಾರದಂಥ ಎಳೆ ಮಾತ್ರ ಕೈಗೆ ಬರುತ್ತಿತ್ತು. ಬೇರು ಕೊಳೆತ ಗಿಡವೂ ಬಾಯಾರಿದ ಗಿಡವೂ ಹೊರನೋಟಕ್ಕೆ ಒಂದೇ ರೀತಿ ಸುಕ್ಕಾಗುತ್ತವೆ. ಅದಕ್ಕೇ ಕುಂಡದೊಳಗೆ ನೋಡದೆ ನೀರು ಹೆಚ್ಚಿಸಬಾರದು.

ಬದಿಗಳಲ್ಲಿಯೂ ತೂತುಗಳಿರುವ ಮಣ್ಣಿನ ಕುಂಡದಲ್ಲಿ ಹೆಬ್ಬೆರಳ ತುದಿಯಷ್ಟು ದಪ್ಪದ ಮರದ ಇದ್ದಿಲು ಮತ್ತು ಇಟ್ಟಿಗೆ ಚೂರುಗಳನ್ನು ಸಮಸಮವಾಗಿ ಬೆರೆಸಿ ಹಾಕುವುದು ನಮ್ಮ ಊರಿನಲ್ಲಿ ಸುಲಭವಾದ ಮತ್ತು ನಂಬಬಹುದಾದ ಕ್ರಮ. ಇಟ್ಟಿಗೆಯನ್ನು ಒಂದು ದಿನ ನೆನೆಸಿ ಪುಡಿಯನ್ನೆಲ್ಲ ತೊಳೆದುಬಿಡಬೇಕು. ಬಿಸಿಲು ಗಾಳಿ ಹೆಚ್ಚಿರುವ ತಾರಸಿಯಲ್ಲಿ ಬೇಗ ಒಣಗುವುದಾದರೆ ತೆಂಗಿನ ಸಿಪ್ಪೆಯ ತುಂಡುಗಳನ್ನು ಐದರಲ್ಲಿ ಒಂದು ಪಾಲಿನಷ್ಟು ಸೇರಿಸಬಹುದು. ಆದರೆ ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದೆ. ಮೂರು ನಾಲ್ಕು ದಿನ ನೀರು ಬದಲಿಸುತ್ತ ನೆನೆಸಿ ಬಳಸಬೇಕು, ಎರಡು ವರ್ಷಕ್ಕೆ ಕೊಳೆಯುವ ಅದನ್ನು ಬದಲಿಸಲೂ ಬೇಕು. ಕುಂಡ ಚಿಕ್ಕದೇ ಇರಲಿ. ಮುಂದೆ ಬರುವ ಎರಡು ಬಲ್ಬುಗಳಿಗೆ ಜಾಗವಿದ್ದರೆ ಸಾಕು.

ಕುಂಡ ಬದಲಿಸುವುದು ಎರಡು ಮೂರು ವರ್ಷಕ್ಕೊಮ್ಮೆ. ಯಾವ ತಿಂಗಳು ಎಂದು ಕೇಳುವವರಿಗೆ ನನ್ನ ಉತ್ತರ: ತಿಂಗಳನ್ನಲ್ಲ, ಸುಳಿಯನ್ನು ನೋಡಿ. ಹೊಸ ಬಲ್ಬಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ಅಥವಾ ಕೆಂಪು ಬಣ್ಣದ ಬೇರುಮೊಳಕೆಗಳು ಸಾಲಾಗಿ ಕಾಣಿಸಿಕೊಳ್ಳುವ ವಾರವೇ ಸರಿಯಾದ ಗಳಿಗೆ. ಆಗ ನೆಟ್ಟರೆ ಆ ಬೇರುಗಳು ನೇರವಾಗಿ ಹೊಸ ಇದ್ದಿಲಿಗೆ ಇಳಿಯುತ್ತವೆ. ಎರಡು ವಾರ ತಡಮಾಡಿದರೆ ಬೇರು ಬೆರಳುದ್ದ ಬೆಳೆದು, ಮುಟ್ಟಿದರೆ ತುದಿ ಮುರಿಯುತ್ತದೆ. ಬೇರಿಲ್ಲದ ಕಾಲದಲ್ಲಿ ಬಿಚ್ಚಿ ನೆಟ್ಟ ಗಿಡ ತಿಂಗಳುಗಟ್ಟಲೆ ಅಲುಗಾಡದೆ ಕೂತು, ಒಂದು ವರ್ಷದ ಹೂವನ್ನೇ ನುಂಗಿಬಿಡುತ್ತದೆ. ನೆಡುವಾಗ ಹಳೆಯ ಬಲ್ಬು ಕುಂಡದ ಗೋಡೆಗೆ ಒತ್ತಿರಲಿ, ಸುಳಿ ನಡುಭಾಗದ ಕಡೆಗೆ ಮುಖ ಮಾಡಿರಲಿ, ಬೇರುಕಾಂಡ ಇದ್ದಿಲಿನ ಮೇಲ್ಮಟ್ಟದಲ್ಲಿ ಕೂತಿರಲಿ, ಹೂತುಹೋಗಬಾರದು. ಗಿಡ ಅಲುಗದಂತೆ ಕೋಲಿಗೆ ಕಟ್ಟಬೇಕು. ಭಾಗ ಮಾಡುವುದಾದರೆ ಒಂದೊಂದು ತುಂಡಿಗೂ ಕನಿಷ್ಠ ಮೂರು, ಸಾಧ್ಯವಾದರೆ ನಾಲ್ಕು ಬಲ್ಬುಗಳನ್ನು ಬಿಡಿ.

ಕತ್ತರಿಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಆರ್ಕಿಡ್‌ಗಳಿಗೆ ಬರುವ ವೈರಸ್ ರೋಗಕ್ಕೆ ಔಷಧಿಯಿಲ್ಲ, ಅದು ಹರಡುವುದು ಹೆಚ್ಚಾಗಿ ನಮ್ಮ ಕತ್ತರಿಯಿಂದಲೇ. ಒಂದು ಗಿಡಕ್ಕೆ ತಾಗಿಸಿದ ಅಲಗನ್ನು ಗ್ಯಾಸ್ ಒಲೆಯ ಉರಿಯಲ್ಲಿ ಕಾಯಿಸಿ ಆರಿಸದೆ ಇನ್ನೊಂದು ಗಿಡಕ್ಕೆ ತಾಗಿಸಬಾರದು. ಕತ್ತರಿಸಿದ ಗಾಯಕ್ಕೆ ಚಕ್ಕೆ ಪುಡಿಯನ್ನೋ ತಾಮ್ರದ ಶಿಲೀಂಧ್ರನಾಶಕವನ್ನೋ ಹಚ್ಚಿ. ಚಕ್ಕೆ ಪುಡಿ ಬೇರಿಗೆ ತಾಗದಿರಲಿ, ಅದು ಬೇರನ್ನು ಒಣಗಿಸುತ್ತದೆ.

ನೀರು, ಗೊಬ್ಬರ

ಇಷ್ಟು ದಿನಕ್ಕೊಮ್ಮೆ ನೀರು ಎಂದು ಲೆಕ್ಕ ಹೇಳಲಾಗದು. ದೇವರ ಮುಂದೆ ಉರಿದು ಉಳಿದ ಊದುಬತ್ತಿಯ ಕಡ್ಡಿಯನ್ನು ಕುಂಡದಲ್ಲಿ ಆಳವಾಗಿ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ತಣ್ಣಗೆ, ಬಣ್ಣ ಕಪ್ಪೇರಿ ಬಂದರೆ ನೀರು ಬೇಡ; ಒಣಗಿ ಬಂದರೆ ಕುಂಡದ ತಳದಿಂದ ಧಾರಾಳವಾಗಿ ಹರಿಯುವಷ್ಟು ಹಾಕಿ. ಕೆಲವು ವಾರಗಳಾದ ಮೇಲೆ ಕುಂಡವನ್ನು ಎತ್ತಿದಾಗಿನ ಭಾರವೇ ಸಾಕಾಗುತ್ತದೆ. ಇದ್ದಿಲು ಇಟ್ಟಿಗೆಯ ಕುಂಡಕ್ಕೆ ಏಪ್ರಿಲ್‌ನಲ್ಲಿ ನಿತ್ಯವೂ ಬೇಕಾಗಬಹುದು, ಡಿಸೆಂಬರ್‌ನಲ್ಲಿ ವಾರಕ್ಕೊಮ್ಮೆ ಸಾಕಾಗಬಹುದು. ನೀರು ಹಾಕುವುದು ಬೆಳಿಗ್ಗೆಯೇ ಆಗಬೇಕು. ಸಂಜೆಗೆ ಸುಳಿಯ ಎಲೆಗಳ ನಡುವೆ ನೀರು ನಿಂತಿರಬಾರದು.

ಕೊಳವೆಬಾವಿಯ ಅಥವಾ ಟ್ಯಾಂಕರಿನ ಗಡಸು ನೀರಿನಿಂದ ಬೇರಿನ ತುದಿಗಳು ಕಪ್ಪಾಗುತ್ತವೆ, ಕುಂಡದ ಹೊರಮೈಯಲ್ಲಿ ಬಿಳಿಯ ಉಪ್ಪು ಕಟ್ಟುತ್ತದೆ. ಕಾವೇರಿ ನೀರು ಬರುವ ಮನೆಯವರಿಗೆ ಈ ಕಾಟ ಕಡಿಮೆ. ಉಳಿದವರು ತಾರಸಿಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಂಡು, ಕನಿಷ್ಠ ತಿಂಗಳಿಗೆರಡು ಬಾರಿ ಅದರಿಂದ ಕುಂಡವನ್ನು ಚೆನ್ನಾಗಿ ತೊಳೆಯಬೇಕು.

ಗೊಬ್ಬರಕ್ಕೆ ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಿನಲ್ಲಿ ಕರಗುವ 19:19:19 ಸಾಕು. ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ, ಮೊದಲೇ ನೆನೆದ ಬೇರಿಗೆ. ಸುಳಿ ಮೊಳೆತ ದಿನದಿಂದ ಬಲ್ಬು ಊದಿ ಗಟ್ಟಿಯಾಗುವವರೆಗೆ ಇದು ತಪ್ಪಬಾರದು. ಬಲ್ಬು ಬಲಿತ ಮೇಲೆ ಮುಂದಿನ ಚಲನೆ ಕಾಣುವವರೆಗೆ ತಿಂಗಳಿಗೊಮ್ಮೆ ಕೊಟ್ಟರೂ ಆದೀತು. ಹೂ ಬರಿಸುತ್ತೇವೆಂದು ಮಾರುವ ರಂಜಕದ ಗೊಬ್ಬರವನ್ನು ಕೊನೆಯ ಗಳಿಗೆಯಲ್ಲಿ ಸುರಿಯುವುದರಿಂದ ಪ್ರಯೋಜನವಿಲ್ಲ. ಸುಳಿ ಬೆಳೆಯುವಾಗ ಹಸಿದಿದ್ದರೆ ಬಲ್ಬು ಹಿಂದಿನದಕ್ಕಿಂತ ಗಿಡ್ಡವಾಗುತ್ತದೆ, ಗಿಡ್ಡ ಬಲ್ಬಿನಲ್ಲಿ ಹೂವನ್ನು ಹೊರುವ ಶಕ್ತಿಯಿರುವುದಿಲ್ಲ. ಈ ವರ್ಷದ ಬಲ್ಬನ್ನು ಕಳೆದ ವರ್ಷದ್ದರ ಪಕ್ಕಕ್ಕೆ ಹೋಲಿಸಿ ನೋಡಿದರೆ ನಿಮ್ಮ ಆರೈಕೆಯ ಫಲ ಕಣ್ಣಿಗೇ ಕಾಣುತ್ತದೆ.

ಮಳೆಗಾಲದ ಸುಳಿ

ಬೆಂಗಳೂರಿನಲ್ಲಿ ಸುಳಿಗೆ ಅತ್ಯಂತ ಅಪಾಯದ ಕಾಲ ಜೂನ್ ಜುಲೈಯ ತುಂತುರಲ್ಲ, ಸೆಪ್ಟೆಂಬರ್ ಅಕ್ಟೋಬರಿನ ರಾತ್ರಿ ಮಳೆ. ಸಂಜೆ ಸುರಿದ ನೀರು ಸುಳಿಯ ಬಟ್ಟಲಿನಲ್ಲಿ ಬೆಳಗಿನವರೆಗೆ ನಿಂತರೆ ಕಪ್ಪು ಕೊಳೆರೋಗ ಹಿಡಿಯುತ್ತದೆ. ನಿನ್ನೆ ಹಸಿರಾಗಿದ್ದ ಸುಳಿ ಇಂದು ಬುಡದಲ್ಲಿ ನೀರುಗಪ್ಪಾಗಿ, ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ. ಕಂಡ ಗಳಿಗೆಯಲ್ಲೇ ಗಟ್ಟಿ ಬಿಳಿಯ ಭಾಗ ಸಿಗುವವರೆಗೆ ಕತ್ತರಿಸಿ, ಗಾಯಕ್ಕೆ ಶಿಲೀಂಧ್ರನಾಶಕ ಹಚ್ಚಿ, ಆ ಗಿಡವನ್ನು ಉಳಿದವುಗಳಿಂದ ದೂರವಿಟ್ಟು ಒಂದು ವಾರ ಒಣಗಿಸಬೇಕು. ಬರದಂತೆ ತಡೆಯುವುದು ಇದಕ್ಕಿಂತ ಸುಲಭ: ಮಳೆ ನೇರವಾಗಿ ಬೀಳದಂತೆ ಮೇಲೆ ಪಾರದರ್ಶಕ ಶೀಟು ಇರಲಿ, ಬದಿಗಳು ತೆರೆದಿರಲಿ, ಕುಂಡ ಕುಂಡಗಳ ನಡುವೆ ಒಂದು ಕೈ ಹೋಗುವಷ್ಟು ಜಾಗವಿರಲಿ.

ಬಸವನಹುಳುಗಳು ಎಳೆಯ ಬೇರಿನ ತುದಿಯನ್ನು ರಾತ್ರಿಯಲ್ಲಿ ತಿನ್ನುತ್ತವೆ. ಟಾರ್ಚ್ ಹಿಡಿದು ಹೆಕ್ಕುವುದೇ ಮೇಲು. ಬಲ್ಬನ್ನು ಸುತ್ತಿದ ಒಣ ಸಿಪ್ಪೆಯ ಅಡಿಯಲ್ಲಿ ಶಲ್ಕಕೀಟಗಳೂ ಹಿಟ್ಟುತಿಗಣೆಗಳೂ ಅಡಗಿರುತ್ತವೆ. ಇರುವೆ ಸಾಲು ಗಿಡ ಹತ್ತುತ್ತಿದ್ದರೆ ಅಲ್ಲಿ ನೋಡಿ. ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರಕ್ಕೊಮ್ಮೆಯಂತೆ ಮೂರು ವಾರ ಲೀಟರಿಗೆ 5 ಮಿಲಿ ಬೇವಿನೆಣ್ಣೆಯನ್ನು ಕೆಲವು ಹನಿ ಸೋಪಿನೊಡನೆ ಸಂಜೆ ಹೊತ್ತು ಸಿಂಪಡಿಸಿದರೆ ಹತೋಟಿಗೆ ಬರುತ್ತವೆ.

ಕತ್ತಲೆ

ಬೆಳಕಿನಷ್ಟೇ ಕತ್ತಲೆಯೂ ಬೇಕೆಂಬುದು ನನಗೆ ತಡವಾಗಿ ಹೊಳೆಯಿತು. ನನ್ನಲ್ಲಿದ್ದ ಒಂದು ಲೇಬಿಯಾಟಾ ಮೂರು ವರ್ಷ ದಪ್ಪ ದಪ್ಪ ಬಲ್ಬುಗಳನ್ನು ಕೊಟ್ಟಿತು, ಹೂ ಕೊಡಲಿಲ್ಲ. ಅದರ ಜೊತೆಗೇ ತಂದ ಇನ್ನೊಂದು ತುಂಡು ಹಿತ್ತಲಿನ ಕಡೆ ವರ್ಷವೂ ಅರಳುತ್ತಿತ್ತು. ಎರಡಕ್ಕೂ ಇದ್ದ ವ್ಯತ್ಯಾಸವೆಂದರೆ ಮುಂದಿನ ಬಾಲ್ಕನಿಗೆ ರಾತ್ರಿಯಿಡೀ ಬೀಳುತ್ತಿದ್ದ ಬೀದಿದೀಪದ ಬೆಳಕು. ಲೇಬಿಯಾಟಾ, ಟ್ರಯಾನೆ ಮತ್ತು ಅವುಗಳಿಂದ ಬಂದ ಹಲವು ಮಿಶ್ರತಳಿಗಳು ರಾತ್ರಿ ಉದ್ದವಾಗುವುದನ್ನು ಗ್ರಹಿಸಿ ಮೊಗ್ಗು ಕಟ್ಟುತ್ತವೆ. ನಡುವೆ ಬೆಳಕು ಬಿದ್ದರೆ ಅವಕ್ಕೆ ಕಾಲವೇ ತಿಳಿಯದಾಗುತ್ತದೆ. ಆಗಸ್ಟ್ ಕೊನೆಯಿಂದ ಗಿಡವನ್ನು ದೀಪ ಬೀಳದ ಕಡೆಗೆ ಸಾಗಿಸಿದ ಮೇಲೆ ಅದೂ ಹೂ ಬಿಟ್ಟಿತು. ಅಪಾರ್ಟ್‌ಮೆಂಟಿನ ಕಾರಿಡಾರ್ ದೀಪ, ಬಾಲ್ಕನಿಯ ಅಲಂಕಾರದ ಸರದೀಪ ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಒರೆಯಿಂದ ಹೂವಿಗೆ

ಬಲ್ಬು ಬಲಿಯುತ್ತಿದ್ದಂತೆ ಎಲೆಯ ಬುಡದಲ್ಲಿ ಚಪ್ಪಟೆಯಾದ ಹಸಿರು ಒರೆಯೊಂದು ಮೇಲೇಳುತ್ತದೆ. ಮೊಗ್ಗು ಹುಟ್ಟುವುದು ಅದರೊಳಗೆ. ಒರೆ ಕಂಡ ಮರುವಾರವೇ ಹೂ ಬರುತ್ತದೆಂದು ಕಾಯಬೇಡಿ. ಮೊಸಿಯೆಯಂಥ ತಳಿಗಳಲ್ಲಿ ಒರೆ ಪೂರ್ತಿ ಒಣಗಿ ಕಂದಾದ ಮೇಲೆ, ತಿಂಗಳುಗಳ ವಿಶ್ರಾಂತಿಯ ನಂತರ ಮೊಗ್ಗು ಏಳುತ್ತದೆ. ಒಣಗಿತೆಂದು ಒರೆಯನ್ನು ಕಿತ್ತು ಹಾಕಿದವರು ಹೂವನ್ನೇ ಕಿತ್ತಿರಬಹುದು. ಈ ವಿಶ್ರಾಂತಿಯ ಕಾಲದಲ್ಲಿ ನೀರು ಕಡಿಮೆ ಮಾಡಬೇಕು, ಬಲ್ಬು ಸುಕ್ಕಾಗುವಷ್ಟಲ್ಲ.

ರಾತ್ರಿ ಒರೆಯ ಹಿಂದೆ ಮೊಬೈಲಿನ ಟಾರ್ಚನ್ನು ಹಿಡಿದು ನೋಡಿ. ತೆಳುಹಸಿರು ಪರದೆಯ ತಳದಲ್ಲಿ ಹೆಸರುಕಾಳಿನಷ್ಟು ಕಪ್ಪು ನೆರಳು ಕಂಡರೆ ಅದು ಮೊಗ್ಗು. ಅದು ದಿನದಿನವೂ ಮೇಲೇರುವುದನ್ನು ನೋಡುವ ಸಂತೋಷಕ್ಕಾಗಿಯೇ ಈ ಗಿಡವನ್ನು ಸಾಕಬಹುದು. ಒರೆಯ ಒಳಮೈಯಲ್ಲಿ ನೀರಹನಿಗಳು ಕಟ್ಟಿದ್ದರೆ ತುದಿಯನ್ನು ಮೊಗ್ಗಿಗೆ ತಾಗದಂತೆ ಒಂದಿಷ್ಟು ಕತ್ತರಿಸಿ ಗಾಳಿ ಬಿಡಬೇಕು, ಇಲ್ಲದಿದ್ದರೆ ಮೊಗ್ಗು ಒಳಗೇ ಕೊಳೆಯುತ್ತದೆ. ಮೊಗ್ಗು ಹೊರಬಂದ ಮೇಲೆ ಕುಂಡವನ್ನು ತಿರುಗಿಸಬಾರದು. ಬೆಳಕಿನತ್ತ ಮುಖ ಮಾಡುತ್ತಿರುವ ಮೊಗ್ಗುಗಳ ತೊಟ್ಟು ತಿರುಚಿಕೊಂಡು ಹೂಗಳು ದಿಕ್ಕಿಗೊಂದಾಗಿ ಅರಳುತ್ತವೆ.

ಹೂ ಬಿರಿದ ಮೊದಲ ಎರಡು ಮೂರು ದಿನ ದಳಗಳು ಇನ್ನೂ ಹರಡಿಕೊಳ್ಳುತ್ತಿರುತ್ತವೆ, ಬಣ್ಣ ತುಂಬುತ್ತಿರುತ್ತದೆ, ಪರಿಮಳ ಆಮೇಲೆ ಹದಕ್ಕೆ ಬರುತ್ತದೆ. ಅಲ್ಲಿಯವರೆಗೆ ಅದರ ಜಾಗದಲ್ಲೇ ಬಿಟ್ಟು, ನಂತರ ಮನೆಯೊಳಗೆ ತರಬಹುದು. ಹೂವಿನ ಮೇಲೆ ನೀರು ಸಿಂಪಡಿಸಬೇಡಿ. ಮಾವಿನ ಹಣ್ಣಿನ ಬುಟ್ಟಿ, ಬಾಳೆಗೊನೆ ಇರುವ ಕೋಣೆಯಲ್ಲಿ ಇಡಬೇಡಿ. ಹಣ್ಣು ಮಾಗುವಾಗ ಹೊಮ್ಮುವ ಎಥಿಲೀನ್ ಅನಿಲಕ್ಕೆ ಕ್ಯಾಟ್ಲಿಯಾ ಹೂವು ಬೇಗನೆ ಒಣಗುತ್ತದೆ. ಈ ಎಚ್ಚರ ವಹಿಸಿದರೆ ತಳಿಗೆ ತಕ್ಕಂತೆ ಎರಡರಿಂದ ನಾಲ್ಕು ವಾರ ಹೂ ನಿಲ್ಲುತ್ತದೆ.

ಬಾಡಿದ ಮೇಲೆ ಹೂವಿನ ತೊಟ್ಟನ್ನು ಒರೆಯ ಸಮೇತ, ಎಲೆಗೆ ಗಾಯವಾಗದಂತೆ ಕತ್ತರಿಸಿ. ಎಲೆಯನ್ನೂ ಬಲ್ಬನ್ನೂ ಮುಟ್ಟಬೇಡಿ. ಬುಡದ ಕಣ್ಣು ಊದಿಕೊಳ್ಳುವವರೆಗೆ ನೀರು ಹಿತಮಿತವಾಗಿರಲಿ. ಊದಿಕೊಂಡ ವಾರದಿಂದ ಲೀಟರಿಗೆ ಅರ್ಧ ಗ್ರಾಮಿನ ಗೊಬ್ಬರವನ್ನು ಮತ್ತೆ ಶುರುಮಾಡಿ.